ಹಾಡಕ್ಕನ ಹೊಟ್ಟೆಕಿಚ್ಚು

ಅವಳು ಕೆಲಸ ಮಾಡುತ್ತಿದ್ದದ್ದು ಪರದೆ ಹೊಲಿಯುವ ಅಂಗಡಿಯಲ್ಲಿ. ಅಲ್ಲಿ ಅವಳ ನೆರಿಗೆಗೆ ಹೆಸರಿತ್ತು, ಬೀದಿಯಲ್ಲಿ ಅವಳ ಹಾಡಿಗೆ. ಬಸ್ ಓಡಿಸುವ ಡ್ರೈವರಣ್ಣ ಒಂದು ಹಾಡಿನ ತಂಡ ಕಟ್ಟಿದ್ದ. ಅದಕ್ಕೆ ಹಾಡು ಬರೆದುಕೊಡುತ್ತಿದ್ದವಳು ಇವಳೊಬ್ಬಳೇ. ಹಾಗಾಗಿ ಎಲ್ಲರ ಬಾಯಲ್ಲೂ ಹಾಡಕ್ಕ.

ವರ್ಷಕ್ಕೆ ಎರಡು ಹಾಡು, ಹೆಚ್ಚೆಂದರೆ ಮೂರು. "ಹಾಡನ್ನ ಕರೆಯೋಕಾಗಲ್ಲ, ಅದೇ ಬರ್ಬೇಕು" ಎನ್ನುತ್ತಿದ್ದಳು. ಮನೆಯವರು ನಂಬಿದ್ದರು. ಅವಳು ಕಿಟಕಿಯ ಬಳಿ ಗಲ್ಲಕ್ಕೆ ಕೈಯಿಟ್ಟು ಕೂತಳೆಂದರೆ ಅತ್ತೆ ಟಿವಿಯ ದನಿ ತಗ್ಗಿಸುತ್ತಿದ್ದರು, ಗಂಡ ತಾನೇ ಪಾತ್ರೆ ತೊಳೆಯುತ್ತಿದ್ದ. ಹಾಡು ಬರದ ದಿನವೂ ಹಾಗೆ ಕೂರುವುದರಲ್ಲಿ ಒಂದು ಸುಖವಿತ್ತು.

ಹೀಗಿರುವಾಗ ಮೈದುನನಿಗೆ ಮದುವೆಯಾಗಿ ಮನೆಗೆ ವಾರಗಿತ್ತಿ ಬಂದಳು. ವಿದ್ಯುತ್ ಕಚೇರಿಯಲ್ಲಿ ಫೋನ್ ಎತ್ತಿ ಜನರ ದೂರು ಕೇಳುವುದು ಅವಳ ಕೆಲಸ. ದಿನವಿಡೀ ಬೈಸಿಕೊಂಡರೂ ಸಂಜೆ ನಗುತ್ತಲೇ ಮನೆಗೆ ಬರುತ್ತಿದ್ದಳು. ಬೆಳಿಗ್ಗೆ ಚಹಾ ಕುದಿಯುವಷ್ಟರಲ್ಲಿ ಅಡುಗೆಮನೆಯ ಮೇಜಿನ ಮೇಲೆ ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಏನೋ ಗೀಚುತ್ತಿದ್ದಳು.

"ಏನೇ ಅದು?" ಎಂದು ಹಾಡಕ್ಕ ಒಮ್ಮೆ ಕೇಳಿದಳು.

"ಹಾಡು ಅಕ್ಕಾ. ದಿನಾ ಒಂದು ಬರೀತೀನಿ, ಹಲ್ಲುಜ್ಜಿದ ಹಾಗೆ."

ಹಾಡೂ ಹಲ್ಲುಜ್ಜುವುದೂ ಒಂದೇನಾ? ಹಾಡಕ್ಕನಿಗೆ ಮೈಯೆಲ್ಲ ಉರಿಯಿತು. ಆದರೂ ನಕ್ಕಳು. ಇದು ಎಷ್ಟು ದಿನದ ಆಟ, ನೋಡೋಣ ಅಂದುಕೊಂಡಳು.

ಮುಂದಿನ ತಿಂಗಳು ನೂಲಿನ ಕಾರ್ಖಾನೆಯವರ ವಾರ್ಷಿಕ ಕಾರ್ಯಕ್ರಮಕ್ಕೆ ತಂಡ ಹಾಡಬೇಕಿತ್ತು. ಡ್ರೈವರಣ್ಣ ಹೊಸ ಹಾಡು ಕೇಳಲು ಮನೆಗೇ ಬಂದ.

"ಇನ್ನೂ ಬಂದಿಲ್ಲ ಅಣ್ಣಾ" ಎಂದಳು ಹಾಡಕ್ಕ.

"ಹಾಡು ಬಂದಿಲ್ಲ ಸರಿ, ಕಾರ್ಯಕ್ರಮ ಬಂದ್ಬಿಡ್ತಲ್ಲಮ್ಮ!"

ಚಹಾ ತಂದ ವಾರಗಿತ್ತಿ ನಿಂತಲ್ಲೇ ಕಾಲ್ಬೆರಳು ನೋಡುತ್ತಾ, "ನಂದೊಂದಿದೆ, ನೋಡ್ತೀರಾ?" ಎಂದಳು. ತನ್ನ ಕಚೇರಿಯ ಕೆಟ್ಟ ಲಿಫ್ಟಿನ ಮೇಲೆ ಬರೆದದ್ದು.

*ಮೇಲಕ್ಕೆ ಅಂದರೆ ಕೆಳಗಿಳಿತೀಯ,*
*ಕೆಳಕ್ಕೆ ಅಂದರೆ ನಿಂತ್ಬಿಡ್ತೀಯ,*
*ಲಿಫ್ಟೇ, ನೀನೂ ನಮ್ಮೋರ ಥರವೇ!*

ಡ್ರೈವರಣ್ಣ ನಕ್ಕ ನಗುವಿಗೆ ಚಹಾ ಅಂಗಿಯ ಮೇಲೆ ಚೆಲ್ಲಿತು. ಆ 'ನಮ್ಮೋರು' ತಾನೇ ಎಂದು ಮೈದುನ ಮುಖ ಹುಳ್ಳಗೆ ಮಾಡಿಕೊಂಡರೂ ಎರಡು ಸಲ ಹಾಡಿಸಿದ.

ಆಮೇಲೆ ಆ ಹಾಡು ಮನೆಯೆಲ್ಲ ಓಡಾಡತೊಡಗಿತು. ಅತ್ತೆ ತರಕಾರಿ ಹೆಚ್ಚುತ್ತಾ ಅದನ್ನೇ ಗುನುಗಿದರು. ಹಾಡಕ್ಕನ ಹಾಡಿಗೆ ಅತ್ತೆ ಇಷ್ಟು ವರ್ಷ ತಲೆದೂಗಿದ್ದರೇ ಹೊರತು ಒಂದು ದಿನವೂ ಗುನುಗಿರಲಿಲ್ಲ. ತಂಡದ ಅಭ್ಯಾಸದಲ್ಲಿ ಕೇಳಿಸಿಕೊಂಡಿದ್ದ ಅಂಗಡಿಯ ಯಜಮಾನಿಯೂ ಬಟ್ಟೆ ಅಳೆಯುತ್ತಾ "ಲಿಫ್ಟೇ" ಎಂದಾಗ ಹಾಡಕ್ಕನ ಮೆಷಿನ್ನಿನ ಸೂಜಿ ಪಟ್ಟೆಂದು ಮುರಿಯಿತು.

ಮರುದಿನ ಊಟದ ಹೊತ್ತಿಗೆ ಅವಳು ಬಸ್ ಡಿಪೋಗೆ ಹೋದಳು.

"ಹೇಳಬಾರದು ಅಂತಿದ್ದೆ ಅಣ್ಣಾ. ಆ ಪಲ್ಲವಿ ನಂದು. ಪಾತ್ರೆ ತೊಳೀತಾ ಗುನುಗ್ತಿದ್ದೆ, ಅವಳು ಎತ್ಕೊಂಡ್ಬಿಟ್ಟಳು."

ಡ್ರೈವರಣ್ಣ ತುತ್ತನ್ನು ಕೈಯಲ್ಲೇ ಹಿಡಿದು ಅವಳನ್ನು ನೋಡಿದ. "ಹಾಗಾದ್ರೆ ಆ ಹಾಡು ಬೇಡ ಬಿಡು" ಎಂದ, ಅಷ್ಟೇ. ಗೆದ್ದೆ ಎಂದುಕೊಂಡು ಹೊರಟವಳಿಗೆ ದಾರಿಯುದ್ದಕ್ಕೂ ಬಾಯಿ ಕಹಿಯಾಗಿತ್ತು.

ಮಾರನೇ ಬೆಳಿಗ್ಗೆ ವಾರಗಿತ್ತಿ ಹಾಳೆಯನ್ನು ಅವಳ ಮುಂದೆ ಸರಿಸಿದಳು. "ಡ್ರೈವರಣ್ಣ ಹೇಳಿದ್ರು. ನಿಮ್ದೇ ಆದ್ರೆ ಇಟ್ಕೊಳ್ಳಿ ಅಕ್ಕಾ. ಎರಡನೇ ಚರಣ ಇನ್ನೂ ಕೂಡಿ ಬಂದಿಲ್ಲ, ನೀವೇ ಮುಗಿಸಿಕೊಡಿ."

ಅದು ಚುಚ್ಚು ಮಾತೋ ಮುಗ್ಧ ಮಾತೋ ಮುಖ ನೋಡಿದರೂ ತಿಳಿಯಲಿಲ್ಲ. ಹಾಡಕ್ಕ ಪೆನ್ನು ಹಿಡಿದು ಕೂತಳು. ಒಂದು ಸಾಲೂ ಹುಟ್ಟಲಿಲ್ಲ. ಬಿಟ್ಟೇಳಲು ಮಾನ ಅಡ್ಡ ಬಂತು. ಮರುದಿನವೂ ಕೂತಳು, ಅದರ ಮರುದಿನವೂ. ಎದುರಿಗೆ ವಾರಗಿತ್ತಿಯ ಪೆನ್ನು ಸರಸರ ಓಡುವ ಸದ್ದು ಕಿವಿಗೆ ಸೊಳ್ಳೆಯಂತೆ ಕಾಡುತ್ತಿತ್ತು.

ಕಡೆಗೆ ತಡೆಯಲಾರದೆ ಕೇಳಿದಳು: "ನಿಂಗೆ ದಿನಾ ಅದು ಹೇಗೆ ಬರುತ್ತೆ?"

"ಎಲ್ಲಿ ಬರುತ್ತೆ ಅಕ್ಕಾ? ನಿನ್ನೇದು ನೋಡಿ."

*ಈರುಳ್ಳಿಯೇ ಈರುಳ್ಳಿಯೇ, ನೀನೇಕೆ ಮರುಳಿಯೇ.*

ಓದಿ ಹಾಡಕ್ಕ ಗೊಳ್ಳೆಂದು ನಕ್ಕಳು. ಅಷ್ಟು ಕೆಟ್ಟದಾಗಿತ್ತು. ಅಷ್ಟು ಕೆಟ್ಟದಾಗಿತ್ತಲ್ಲ ಎಂದು ಹೊಟ್ಟೆ ತಣ್ಣಗೂ ಆಯಿತು.

"ಕೆಟ್ಟದ್ದನ್ನೂ ಬರೆದು ಆಚೆ ಹಾಕ್ತೀನಿ. ಇಲ್ದಿದ್ರೆ ಅದೇ ಬಾಗಿಲಿಗೆ ಅಡ್ಡ ನಿಂತಿರುತ್ತೆ. ಆಮೇಲೆ ಫೋನಲ್ಲಿ ಬೈಯೋರ ಮಾತು ಕೇಳಿಸ್ಕೋತೀನಿ. ಸಿಟ್ಟಲ್ಲಿರೋರು ಎಂಥೆಂಥ ಚಂದದ ಮಾತಾಡ್ತಾರೆ ಗೊತ್ತಾ? ನಿಮಗೆ ಸಿಟ್ಟು ಬರಲ್ವಾ? ಅದನ್ನೇ ಬರೀರಿ."

ಸಿಟ್ಟಿಗೇನು ಕೊರತೆ! ಹಾಡಕ್ಕ ಬರೆಯತೊಡಗಿದಳು. ಮೊದಲ ವಾರದ್ದೆಲ್ಲ ಬರೀ ಬೈಗುಳ, ಹರಿದು ಒಲೆಗೆ ಹಾಕಿದಳು. ಆಮೇಲೊಂದು ಬೆಳಿಗ್ಗೆ ಚಹಾ ಉಕ್ಕಿ ಹೋದದ್ದೂ ತಿಳಿಯದಂತೆ ಬರೆದಳು:

*ಎದುರು ಮನೆಯ ಕಿಟಕಿಯಲ್ಲಿ ದೀಪ ಹತ್ತಿದೆ,*
*ನನ್ನ ಎರಡು ಕಣ್ಣಿನಲ್ಲಿ ಹೊಗೆಯು ಸುತ್ತಿದೆ.*

ಬರೆದದ್ದನ್ನು ನೋಡಿ ಅವಳಿಗೇ ನಾಚಿಕೆಯಾಯಿತು. ಒಳಗಿನದನ್ನೆಲ್ಲ ಹೊರಗೆ ಒಣಹಾಕಿದ ಹಾಗಿತ್ತು. ಆದರೆ ಇಷ್ಟು ವರ್ಷದಲ್ಲಿ ಬರೆದ ಯಾವ ಹಾಡೂ ಇದರಷ್ಟು ತನ್ನದಾಗಿರಲಿಲ್ಲ. ಹಾಳೆ ಮಡಚಿಕೊಂಡು ಡಿಪೋಗೆ ಹೋದಳು.

"ಆ ಪಲ್ಲವಿ ನಂದಲ್ಲ ಅಣ್ಣಾ. ಸುಳ್ಳು ಹೇಳಿದ್ದೆ."

"ಗೊತ್ತಿತ್ತು. ನಿನ್ನ ಹಾಡಲ್ಲಿ ಬರೀ ಚಂದ್ರ. ನೀನೆಲ್ಲಿ ಲಿಫ್ಟ್ ಹತ್ತಿದೆ?"

"ಮತ್ತೆ ಯಾಕೆ ಬಿಟ್ರಿ?"

"ನೀನೇ ಬಂದು ಹೇಳ್ಲಿ ಅಂತ" ಎಂದು ಅವನು ಹೊಸ ಹಾಡಿಗೆ ಕೈ ಚಾಚಿದ.

ಮನೆಯಲ್ಲಿ ಹೇಳುವುದು ಅದಕ್ಕಿಂತ ಕಷ್ಟವಾಯಿತು. ವಾರಗಿತ್ತಿ ಎಲ್ಲ ಕೇಳಿ ಪೆನ್ನಿನ ಮುಚ್ಚಳ ಹಾಕಿದಳು. "ಅವತ್ತು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದ್ದೆ ಅಕ್ಕಾ" ಎಂದಳು. ಹಾಡಕ್ಕ ಅವಳ ಕೈ ಹಿಡಿದುಕೊಂಡಳು. ಇಬ್ಬರೂ ಸೇರಿ ಆ ಎರಡನೇ ಚರಣ ಮುಗಿಸಿದರು.

ಕಾರ್ಖಾನೆಯ ಸಭಾಂಗಣದಲ್ಲಿ ಲಿಫ್ಟಿನ ಹಾಡಿಗೆ ಶಿಳ್ಳೆಯೋ ಶಿಳ್ಳೆ. ಹಾಡಕ್ಕನ ಹಾಡಿಗೆ ಚಪ್ಪಾಳೆ ಕಡಿಮೆ. ಆದರೆ ಕಾರ್ಯಕ್ರಮ ಮುಗಿದ ಮೇಲೆ ನೂಲು ಸುತ್ತುವ ಹೆಂಗಸೊಬ್ಬಳು ಹುಡುಕಿಕೊಂಡು ಬಂದಳು. "ಹೊಗೆ ಹಾಡು ಬರೆದೋರು ನೀವಾ? ನಮ್ಮ ಮನೆ ವಿಷಯ ನಿಮಗ್ಯಾರು ಹೇಳಿದ್ರು?" ಎಂದು ಕೇಳಿ ಕಣ್ಣೊರೆಸಿಕೊಂಡಳು. ಹಾಡಕ್ಕ ಅವಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಅಷ್ಟಾಗಿಯೂ ಅವಳ ಕಿವಿ ಮಾತ್ರ ಆಚೆ ಯಾರೋ "ಲಿಫ್ಟೇ" ಎನ್ನುತ್ತಾ ಮೆಟ್ಟಿಲಿಳಿಯುವುದನ್ನೇ ಕೇಳುತ್ತಿತ್ತು.

ಈಗಲೂ ಬೆಳಿಗ್ಗೆ ವಾರಗಿತ್ತಿಯರಿಬ್ಬರೂ ಆ ಮೇಜಿನ ಎದುರುಬದುರು ಕೂರುತ್ತಾರೆ. ಚಹಾ ಸೋಸುವ ನೆಪದಲ್ಲಿ ಹಾಡಕ್ಕ ಎದುರಿನ ಹಾಳೆಯನ್ನು ತಲೆಕೆಳಗಾಗಿಯೇ ಓದುತ್ತಾಳೆ. ಎಂದಾದರೂ ಸಾಲು ಚೆನ್ನಾಗಿದ್ದರೆ ಹೊಟ್ಟೆಯೊಳಗೆ ಚುರುಕ್ಕೆನ್ನುತ್ತದೆ. ಆಗ ಲೋಟ ಬದಿಗಿಟ್ಟು ತನ್ನ ಪೆನ್ನು ತೆಗೆದುಕೊಳ್ಳುತ್ತಾಳೆ.