ಮೊಲದ ಹೊಟ್ಟೆಗೆ ಕಿವಿಯಿಟ್ಟವರು

ಆಲ್ದೂರಿನ ನಿರ್ವಾಣಪ್ಪನವರು ಎಸ್ಟೇಟಿನಲ್ಲಿ ಮೂವತ್ತು ವರ್ಷ ಕಾಫಿಹಣ್ಣು ತೂಗಿದವರು. ಈಗ ಊರವರು ಸಾಕಿದ ಮೊಲಗಳನ್ನು ತೂಗುತ್ತಾರೆ. ಅದಕ್ಕೆ ತಕ್ಕಡಿ ಬೇಡ. ಕಣ್ಣು ಮುಚ್ಚಿ, ಮೊಲವನ್ನು ಅಂಗೈ ಮೇಲಿಟ್ಟುಕೊಂಡು, "ಹೋದ ವಾರಕ್ಕಿಂತ ನೂರು ಗ್ರಾಂ ಇಳಿದಿದೆ" ಎಂದರೆ ಅಷ್ಟೇ ಇಳಿದಿರುತ್ತದೆ. "ತುಪ್ಪಳ ನೋಡಿ ಮೋಸ ಹೋಗ್ಬೇಡಿ ಮಾರಾಯ್ರೆ, ಒಳಗೆ ಬರೀ ಮೂಳೆ" ಎಂದು ಅದರ ಬೆನ್ನ ಮೇಲೆ ಬೆರಳಾಡಿಸುವಾಗ ನೋಡುವವರ ಬೆನ್ನು ತಣ್ಣಗಾಗುತ್ತದೆ. ಗೂಡಿಗೆ ಕಾಫಿ ಹೊಟ್ಟು ಹಾಸಿ, ಅದನ್ನೇ ಮೆದ್ದು ಕರುಳು ಕೆಡಿಸಿಕೊಂಡ ಮೊಲವನ್ನು ತಂದವರಿಗೆ, "ನಿಮ್ಗೂ ಅದನ್ನೇ ಹಾಸ್ತೀನಿ, ಮಲಗ್ತೀರಾ?" ಎಂಬ ಬೈಗುಳ ತಪ್ಪಿದ್ದಲ್ಲ. ಹಿಕ್ಕೆ ನಿಂತ ಮೊಲ ಬಂದರಂತೂ ಗಡಿಯಾರದ ಸೆಲ್ ತೆಗೆದು, ಬಾಗಿಲು ಹಾಕಿ, ಎಲ್ಲರಿಗೂ ಉಸಿರು ಹಿಡಿಯಲು ಹೇಳಿ, ಅದರ ಹೊಟ್ಟೆಗೆ ಕಿವಿಯಿಡುತ್ತಾರೆ. ಬದುಕುವ ಮೊಲದ ಕರುಳು ದೂರದಲ್ಲಿ ಘಾಟಿ ಹತ್ತುವ ಜೀಪಿನಂತೆ ಗುರುಗುಡಬೇಕಂತೆ. ಹಿಕ್ಕೆ ನಿಂತಿತೆಂದು ಎರಡು ದಿನ ಮೊದಲು ಅವರಲ್ಲೇ ಬಿಟ್ಟುಹೋಗಿದ್ದ ತನ್ನ ಬಿಳಿ ಮೊಲವನ್ನು ನೋಡಲು ಟೈಲರ್ ತನುಜಾ ಬಂದಾಗ ನಾನೂ ಅಲ್ಲಿದ್ದೆ. ಮೊಲ ಕಣ್ಣು ಅರೆತೆರೆದು ನೋವಿಗೆ ಹಲ್ಲು ಕಡಿಯುತ್ತಿತ್ತು. ನಿರ್ವಾಣಪ್ಪನವರು ಅದರ ಹೊಟ್ಟೆಗೆ ಕಿವಿಯಿಟ್ಟರು. ಬಳಿಕ ಹಲ್ಲಿನ ಸದ್ದೂ ನಿಂತಿತು. ಆ ನಿಶ್ಶಬ್ದದಲ್ಲಿ ಗುರ್ ಎಂಬ ಸದ್ದು ಮೂವರಿಗೂ ಕೇಳಿಸಿತು. "ಬದುಕ್ತು!" ಎಂದು ತನುಜಾ ಕೈಮುಗಿದಳು. ನಿರ್ವಾಣಪ್ಪನವರು ಕಿವಿ ತೆಗೆಯಲಿಲ್ಲ. "ಅದ್ರದ್ದಲ್ಲ ತಾಯಿ, ನನ್ನ ಹೊಟ್ಟೆದು," ಎಂದರು. "ಅದು ಹುಲ್ಲು ಮುಟ್ಟೋ ತನಕ ನಾನೂ ಅನ್ನ ಮುಟ್ಟಲ್ಲ."