ನಾನೇ ಕುಡಿಸಿದ ಹನಿಗಳು

ಹಲಸೂರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ನನ್ನ ತರಗತಿಯ ಅರ್ಧದಷ್ಟು ಮಕ್ಕಳು ಮನೆಯಲ್ಲಿ ತಮಿಳು ಮಾತಾಡುವವರು. ಉಳಿದವರಲ್ಲಿ ಉರ್ದು, ತೆಲುಗಿನವರೂ ಇದ್ದಾರೆ. ಜೂನ್‌ನಲ್ಲಿ ಕನ್ನಡದ ಒಂದು ಪದವೂ ಬಾರದೆ ಬಂದ ಮಗು ದಸರಾ ರಜೆಯ ಹೊತ್ತಿಗೆ "ಮಿಸ್, ಇವ್ನು ನನ್ ಪೆನ್ಸಿಲ್ ಕಿತ್ಕೊಂಡ" ಎಂದು ದೂರು ತರುವುದನ್ನು ಕೇಳಿ ಹಿಗ್ಗುತ್ತಿದ್ದೆ. ಆದರೆ ನನ್ನ ಸ್ವಂತ ಮಗಳಿಗೆ ನಾಲ್ಕು ವರ್ಷ ತುಂಬಿದರೂ ಮಾತು ಬರಲಿಲ್ಲ.

ಪೂರ್ತಿ ಬರಲಿಲ್ಲ ಎಂದರೆ ತಪ್ಪಾದೀತು. ಅವಳಲ್ಲಿ ಮೂರು ಪದಗಳಿದ್ದವು. ನೀರಿಗೆ "ಬೂ", ಅಪ್ಪನಿಗೆ "ಪಾ", ವಿಮಾನಕ್ಕೆ "ಊಂ". ನಮ್ಮ ಮನೆ ವಿಮಾನಪುರದಲ್ಲಿ. ದಿನಕ್ಕೆ ಹತ್ತು ಸಲವಾದರೂ ತಲೆಯ ಮೇಲೆ ಏನಾದರೊಂದು ಗುಡುಗಿಕೊಂಡು ಹೋಗುತ್ತದೆ. ಆಗೆಲ್ಲ ಅವಳು ಆಡುತ್ತಿದ್ದುದನ್ನು ಬಿಟ್ಟು ಕೈ ಮೇಲೆತ್ತಿ "ಊಂ" ಎನ್ನುತ್ತಿದ್ದಳು. ನನಗೆ ಅವಳು ಹೆಸರಿಟ್ಟಿರಲಿಲ್ಲ. ಏನಾದರೂ ಬೇಕಿದ್ದರೆ ನನ್ನ ಮಣಿಕಟ್ಟು ಹಿಡಿದು ಎಳೆಯುತ್ತಿದ್ದಳು, ಅಷ್ಟೆ.

ಮಕ್ಕಳ ಡಾಕ್ಟರು ಆಟಿಸಂ ಎಂದರು. "ಇದಕ್ಕೆ ಮಾತ್ರೆ ಅಂತ ಇಲ್ಲಮ್ಮಾ. ಥೆರಪಿ ಮಾಡ್ಸಿ. ಅವಳ ದಾರಿಯಲ್ಲಿ ಅವಳು ಬೆಳೀತಾಳೆ" ಎಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. ಆದರೆ ನನ್ನ ಕಿವಿಯಲ್ಲಿ ಉಳಿದದ್ದು ಮಾತ್ರೆ ಇಲ್ಲ ಎನ್ನುವ ಎರಡೇ ಪದ.

ಇಂದಿರಾನಗರದ ಒಂದು ಥೆರಪಿ ಸೆಂಟರಿಗೆ ಸೇರಿಸಿದೆವು. ಮಗುವನ್ನು ಒಳಗೆ ಬಿಟ್ಟು ತಾಯಂದಿರು ಮುಕ್ಕಾಲು ಗಂಟೆ ಹೊರಗಿನ ಬೆಂಚಿನ ಮೇಲೆ ಕಾಯಬೇಕು. ಅಲ್ಲಿ ಸಿಕ್ಕವರು ಒಬ್ಬ ಆಂಟಿ. ಕಾಕ್ಸ್‌ಟೌನಿನವರು, ಅರವತ್ತು ದಾಟಿದವರು, ಮೊಮ್ಮಗನನ್ನು ಕರೆತರುತ್ತಿದ್ದರು. ಬರುವಾಗಲೆಲ್ಲ ತಮ್ಮ ಬೀದಿಯ ಬೇಕರಿಯಿಂದ ಬೆಣ್ಣೆ ಬಿಸ್ಕತ್ತು ತಂದು ನಮಗೆಲ್ಲ ಹಂಚುವರು. ಯಾರ ಮಗು ಕಿರುಚಿ ಹೊರಳಾಡಿದರೂ ಮೊದಲು ಎದ್ದುಹೋಗಿ ಆ ತಾಯಿಯ ಬೆನ್ನು ಸವರುವವರು ಅವರೇ.

"ನನ್ ಮೊಮ್ಮಗ ಆರು ತಿಂಗ್ಳ ಹಿಂದೆ ಗೋಡೆಗೆ ತಲೆ ಚಚ್ಕೋತಾ ಇದ್ದ ಮಾ. ಈಗ ನೋಡು" ಎಂದು ಒಂದು ದಿನ ತೋರಿಸಿದರು. ಹುಡುಗ ಬೆಂಚಿನ ತುದಿಯಲ್ಲಿ ಸುಮ್ಮನೆ ಕೂತಿದ್ದ. ಮುಖ ಬಿಳಿಚಿಕೊಂಡಿತ್ತು, ಕಣ್ಣು ಅರೆಮುಚ್ಚಿತ್ತು. ಆ ಸುಮ್ಮನಿರುವಿಕೆಯನ್ನು ನಾನು ಗುಣವೆಂದು ಓದಿಕೊಂಡೆ.

ಅವನಿಗೆ ಕೊಡುವ ಹನಿಗಳನ್ನು ತಾವೇ ಮನೆಯಲ್ಲಿ ಬೆರೆಸುವುದಾಗಿ ಹೇಳಿದ್ದರು. ಮುಂದಿನ ವಾರ ಅವರ ಮನೆಗೆ ಹೋದೆ. ಚರ್ಚಿನ ಹಿಂದಿನ ಬೀದಿಯಲ್ಲಿ ಅಪಾರ್ಟ್‌ಮೆಂಟುಗಳ ನಡುವೆ ಉಳಿದುಕೊಂಡಿದ್ದ ಹಳೆಯ ಮನೆ. ಅಡುಗೆಮನೆಯಲ್ಲಿ ಸಣ್ಣ ತಕ್ಕಡಿ, ಕನ್ನಡಕ, ಸಾಲಾಗಿ ಜೋಡಿಸಿದ ಗಾಜಿನ ಬಾಟಲಿಗಳು. ಯಾವುದಕ್ಕೆ ಯಾವುದನ್ನು ಬೆರೆಸುತ್ತಿದ್ದರೆಂದು ಇಲ್ಲಿ ಬರೆಯುವುದಿಲ್ಲ. ಬೆರೆಸಿದ ಕೂಡಲೇ ಅದು ಹಳದಿಗೆ ತಿರುಗಿತು, ಘಾಟು ಮೂಗಿಗೆ ಹೊಡೆಯಿತು. ನನಗೆ ಪರಿಚಯವಿದ್ದ ವಾಸನೆಯೇ. ಶನಿವಾರ ನಮ್ಮ ಶಾಲೆಯ ಶೌಚಾಲಯ ತೊಳೆದ ಮೇಲೆ ಸೋಮವಾರದವರೆಗೂ ಉಳಿಯುತ್ತಿತ್ತು.

"ಬ್ಲೀಚಿಂಗ್ ಪೌಡರ್ ಥರ ಇದೆಯಲ್ಲಾ ಆಂಟಿ?"

"ಆಕ್ಸಿಜನ್ ಮಾ ಅದು. ಹೊಟ್ಟೇಲಿರೋ ಹುಳ, ವಿಷ ಎಲ್ಲಾನೂ ಸುಟ್ಟಾಕತ್ತೆ. ಮಾತು ಬರದೇ ಇರೋದು ಅದ್ರಿಂದಾನೇ. ಡಾಕ್ಟರ್‌ಗಳಿಗೂ ಗೊತ್ತು, ಹೇಳಲ್ಲ."

ನಾನು ಬಿ.ಎಡ್. ಮಾಡಿದವಳು. ಬಾಟಲಿಯನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಬಂದೆ.

ನನ್ನನ್ನು ಒಂದು ವಾಟ್ಸಾಪ್ ಗುಂಪಿಗೂ ಸೇರಿಸಿದರು. ಅಲ್ಲಿದ್ದವರೆಲ್ಲ ತಾಯಂದಿರು, ಅಜ್ಜಿಯರು. ಹನಿಗಳನ್ನು ನೀರಿಗೆ ಹಾಕಿ ದಿನಕ್ಕೆ ಹಲವು ಬಾರಿ ಕುಡಿಸಬೇಕು, ವಾರಕ್ಕೆರಡು ಸಲ ಎನಿಮಾ ಕೊಡಬೇಕು. ಮಗುವಿಗೆ ಜ್ವರ ಬಂದರೆ ಔಷಧ ಕೆಲಸ ಮಾಡುತ್ತಿದೆ ಎಂದರ್ಥ. ವಾಂತಿಯಾದರೆ ವಿಷ ಹೊರಗೆ ಬರುತ್ತಿದೆ. ಅತ್ತರೆ ಒಳಗಿರುವ ಹುಳ ಅಳುತ್ತಿದೆ. ಇದು ಕೆಟ್ಟದ್ದು, ನಿಲ್ಲಿಸಬೇಕು ಎಂದು ತಿಳಿಯುವುದಕ್ಕೆ ಆ ಗುಂಪಿನಲ್ಲಿ ಒಂದು ಲಕ್ಷಣವೂ ಇರಲಿಲ್ಲ.

ಮಗಳು ಮೊದಲ ದಿನವೇ ಉಗುಳಿದಳು. ಎರಡನೆಯ ದಿನ ಅವಳ ಮೂಗು ಹಿಡಿದೆ. ಇದನ್ನು ಬರೆಯಲು ನನಗೆ ಬಹಳ ದಿನ ಬೇಕಾಯಿತು. ನನ್ನ ಎಡಗೈ ಅವಳ ಮೂಗು ಹಿಡಿಯುತ್ತಿತ್ತು, ಬಲಗೈಯಲ್ಲಿ ಲೋಟ. ಉಸಿರಿಗಾಗಿ ಬಾಯಿ ತೆರೆದಾಗ ಸುರಿಯುತ್ತಿದ್ದೆ. ಸುರಿದು ಮುಗಿದ ಮೇಲೆ "ಜಾಣೆ, ನನ್ ಬಂಗಾರ" ಎನ್ನುತ್ತಿದ್ದೆ.

ಗಂಡ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುವವರು. ಒಂದು ಸಂಜೆ ಬಂದವರೇ ಬಾಗಿಲಲ್ಲಿ ನಿಂತು, "ಏನಿದು ಘಾಟು?" ಎಂದರು.

"ಸಿಂಕ್ ತೊಳೆದೆ" ಎಂದೆ.

ಅವರು ಕಿಟಕಿ ತೆರೆದರು. ಮತ್ತೆ ಕೇಳಲಿಲ್ಲ.

ಮೂರನೆಯ ವಾರದಲ್ಲಿ ಮಗಳ ಮಲದಲ್ಲಿ ಬಿಳಿಯ ಉದ್ದನೆಯ ಎಳೆಗಳು ಬಿದ್ದವು. ನಾನು ಫೋಟೋ ತೆಗೆದು ಗುಂಪಿಗೆ ಹಾಕಿದೆ. ಚಪ್ಪಾಳೆಯ, ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. "ಹುಳ ಹೊರಗೆ ಬಂತು, ಇನ್ನು ಮಾತು ಬರುತ್ತೆ ನೋಡು ಮಾ" ಎಂದು ಆಂಟಿ ಬರೆದರು. ಆ ದಿನ ನಾನು ಕೇಸರಿಬಾತ್ ಮಾಡಿದೆ.

ಆ ಖುಷಿಯಲ್ಲೇ ಇನ್ನೊಂದು ಕೆಲಸ ಮಾಡಿದೆ. ಸೆಂಟರಿಗೆ ಕಲಬುರಗಿ ಕಡೆಯ ಒಬ್ಬಳು ಬರುತ್ತಿದ್ದಳು. ಕೆ.ಆರ್. ಪುರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ, ಗಂಡ ಗ್ರಾನೈಟ್ ಹಾಸುವ ಕೆಲಸಗಾರ, ಮಾತು ಬಾರದ ಐದು ವರ್ಷದ ಮಗ. ಎರಡು ಬಸ್ಸು ಬದಲಾಯಿಸಿಕೊಂಡು ಬರುತ್ತಿದ್ದ ಅವಳಿಗೆ ಸೆಂಟರಿನ ಇಂಗ್ಲಿಷ್ ಫಾರಂಗಳನ್ನು ತುಂಬಿಕೊಡುತ್ತಿದ್ದವಳು ನಾನೇ. ಫೋಟೋ ತೋರಿಸಿ, ಹನಿಗಳ ವಿಷಯ ಹೇಳಿದೆ.

"ಖರೇನ ಮಾತ್ ಬರ್ತಾವೇನ್ರಿ ಟೀಚರ್?"

"ನನ್ ಮಗಳಿಗೇ ಕೊಡ್ತಾ ಇದೀನಲ್ಲಮ್ಮಾ."

"ಹಂಗಂದ್ರ ಮುಗೀತ್ ಬಿಡ್ರಿ. ನೀವು ಓದಿದೋರು" ಎಂದಳು. ಮರುದಿನವೇ ಅವಳನ್ನು ಕಾಕ್ಸ್‌ಟೌನಿಗೆ ಕರೆದುಕೊಂಡು ಹೋದೆ.

ಅದಾಗಿ ಎರಡು ವಾರಕ್ಕೆ, ಒಂದು ಭಾನುವಾರ ಬೆಳಿಗ್ಗೆ, ಮಗಳು ಏಳಲಿಲ್ಲ. ಎತ್ತಿ ಕೂರಿಸಿದರೆ ತಲೆ ವಾಲುತ್ತಿತ್ತು. ತುಟಿ ನೀಲಿಗಟ್ಟಿತ್ತು. ಹಾಸಿಗೆ ಒದ್ದೆಯಾಗಿತ್ತು, ಆ ಒದ್ದೆ ಕಡು ಡಿಕಾಕ್ಷನ್ ಬಣ್ಣದಲ್ಲಿತ್ತು. ಗಂಡ ಅವಳನ್ನು ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲೇ ರಸ್ತೆಗೆ ಓಡಿದರು. ಆಟೋದಲ್ಲಿ ನಾನು ಆಂಟಿಗೆ ಮೆಸೇಜ್ ಮಾಡಿದೆ. ಅಂಥ ಹೊತ್ತಿನಲ್ಲೂ ನಾನು ಕೇಳಿದ್ದು ಅವರನ್ನೇ. ಉತ್ತರ ಕೂಡಲೇ ಬಂತು. "ಆಸ್ಪತ್ರೆಗೆ ಮಾತ್ರ ಹೋಗ್ಬೇಡ. ಕೆಟ್ಟದ್ದೆಲ್ಲಾ ಹೊರಗೆ ಬರ್ತಾ ಇದೆ."

ತುರ್ತು ವಿಭಾಗದಲ್ಲಿದ್ದದ್ದು ನನಗಿಂತ ಚಿಕ್ಕ ವಯಸ್ಸಿನ ಡಾಕ್ಟರು. ಮಗಳ ಬೆರಳಿಗೆ ಏನೋ ಸಿಕ್ಕಿಸಿ ನೋಡಿ, "ಏನಾದ್ರೂ ಕುಡಿದಿದ್ದಾಳಾ? ಮನೇಲಿ ಫಿನಾಯಿಲ್, ಆಸಿಡ್?" ಎಂದು ಕೇಳಿದರು. ಗಂಡ ಇಲ್ಲ ಎಂದರು. ಅವರಿಗೆ ಗೊತ್ತಿದ್ದುದು ಅಷ್ಟೇ. ನಾನು ಸುಮ್ಮನಿದ್ದೆ. ರಕ್ತ ತೆಗೆದುಕೊಂಡು ಹೋದರು. ರಕ್ತ ಕಂದು ಬಣ್ಣಕ್ಕಿತ್ತು. ಎರಡನೆಯ ಸಲ ಕೇಳಿದಾಗಲೂ ಸುಮ್ಮನಿದ್ದೆ. ಮೂರನೆಯ ಸಲ ಅವರು ನನ್ನೊಬ್ಬಳನ್ನೇ ಪರದೆಯ ಆಚೆಗೆ ಕರೆದರು.

"ಅಮ್ಮಾ, ಬೈಯೋದಕ್ಕೆ ಕೇಳ್ತಾ ಇಲ್ಲ. ಏನು ಅಂತ ಗೊತ್ತಾಗ್ದೆ ಏನು ಕೊಡ್ಲಿ ನಾನು?"

ಹೇಳಿದೆ. ಅಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಬೇಗ ಹೇಳಿದ್ದರೆ ಏನಾದರೂ ಉಳಿಯುತ್ತಿತ್ತೇ ಎಂದು ಆಮೇಲೆ ಅವರನ್ನು ಕೇಳಿದ್ದೇನೆ. ಅವರು ಮುಂದಿನ ಚೆಕಪ್‌ನ ದಿನ ಬರೆದುಕೊಟ್ಟರು.

ಫೋಟೋಗಳನ್ನೂ ತೋರಿಸಿದೆ. "ಹುಳ ಬಿದ್ದಿತ್ತು ಡಾಕ್ಟರ್, ನೋಡಿ" ಎಂದೆ. ನನ್ನ ಪರವಾಗಿ ಒಂದಾದರೂ ಸಾಕ್ಷಿ ಇರಲಿ ಎಂದೋ ಏನೋ. ಅವರು ಫೋನನ್ನು ಕೈಗೆ ತೆಗೆದುಕೊಂಡು ಚಿತ್ರವನ್ನು ದೊಡ್ಡದು ಮಾಡಿ ನೋಡಿದರು.

"ಇದು ಹುಳ ಅಲ್ಲ. ಅವಳ ಕರುಳಿನ ಒಳಪದರ. ಸುಟ್ಟು ಕಿತ್ಕೊಂಡು ಬಂದಿದೆ."

ಗಂಡ ಪರದೆಯ ಈಚೆಗೆ ಬಂದು ನಿಂತಿದ್ದನ್ನು ನಾನು ನೋಡಿರಲಿಲ್ಲ.

ಹಲವು ದಿನ ಅವಳು ಐಸಿಯುನಲ್ಲಿದ್ದಳು. ರಕ್ತ ಕೊಟ್ಟರು, ಕಿಡ್ನಿ ಕೆಲಸ ನಿಲ್ಲಿಸಿತು ಎಂದು ಡಯಾಲಿಸಿಸ್ ಮಾಡಿದರು. ಬದುಕಿದಳು. ಬದುಕಿದಳು ಎಂದಾಗ ಜನ ದೇವರು ದೊಡ್ಡವನು ಎನ್ನುತ್ತಾರೆ, ನಾನು ತಲೆಯಾಡಿಸುತ್ತೇನೆ. ಈಗ ಅವಳಿಗೆ ಆರು ತುಂಬಿದೆ. ಕರುಳು ಒಂದು ಕಡೆ ಕಿರಿದಾಗಿದೆ. ಗಂಜಿ, ಮೊಸರನ್ನ ಬಿಟ್ಟು ಬೇರೇನೂ ಹೊಂದುವುದಿಲ್ಲ. ಎರಡು ಸಲ ಆಪರೇಷನ್ ಆಗಿದೆ, ಇನ್ನೊಂದು ಬಾಕಿ ಇದೆ. ಇದ್ದ ಮೂರು ಪದಗಳೂ ಹೋದವು. ವಿಮಾನ ಹೋದರೆ ಮೇಲೆ ನೋಡುವುದಿಲ್ಲ.

ನನ್ನ ಕೈಯಿಂದ ಅವಳು ನೀರು ಕುಡಿಯುವುದಿಲ್ಲ. ಲೋಟ ಹಿಡಿದು ಹೋದರೆ ಎರಡೂ ಅಂಗೈಗಳಿಂದ ಮೂಗು ಮುಚ್ಚಿಕೊಳ್ಳುತ್ತಾಳೆ. ಅಪ್ಪ ಕೊಟ್ಟರೆ ಕುಡಿಯುತ್ತಾಳೆ. ಅವರು ಸೆಕೆಂಡ್ ಶಿಫ್ಟ್ ಬಿಟ್ಟು ಬರೀ ಬೆಳಗಿನ ಪಾಳಿ ತೆಗೆದುಕೊಂಡರು. ಅವರು ಮನೆಗೆ ಬರುವವರೆಗೂ ಒಣಗಿದ ತುಟಿಯಲ್ಲಿ ಕಾಯುತ್ತಾಳೆ. ನನ್ನನ್ನು ಅವರು ಒಂದು ಮಾತೂ ಅನ್ನಲಿಲ್ಲ. ಆಸ್ಪತ್ರೆಯಿಂದ ಬಂದ ದಿನ, ಮಗಳ ಔಷಧಗಳನ್ನೆಲ್ಲ ಬೀರುವಿನ ಮೇಲಿನ ಅರೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. ಬೈದಿದ್ದರೆ ನಾನೂ ಅಳಬಹುದಿತ್ತು.

ಮಗಳು ಆಸ್ಪತ್ರೆಯಿಂದ ಬಂದ ವಾರವೇ ಆಂಟಿಯ ಮನೆಗೆ ಹೋಗಿದ್ದೆ. ಡಾಕ್ಟರು ಬರೆದುಕೊಟ್ಟ ಕಾಗದ ತೋರಿಸಿದೆ. ಅವರು ನನ್ನ ಕೈ ಹಿಡಿದು ಅತ್ತರು. ನಟನೆ ಅಲ್ಲ, ನಿಜವಾಗಿಯೇ ಅತ್ತರು. ಆಮೇಲೆ, "ನೀನು ಸಡನ್ನಾಗಿ ನಿಲ್ಲಿಸಿಬಿಟ್ಟೆ ಮಾ, ಅದಕ್ಕೇ ಹೀಗಾಯ್ತು" ಎಂದರು. ಒಳಗಿನ ಕೋಣೆಯಿಂದ ಮೊಮ್ಮಗನ ವಾಂತಿಯ ಸದ್ದು ಕೇಳುತ್ತಿತ್ತು. ನಾನು ಬಸ್ ಸ್ಟಾಪ್ ಮುಟ್ಟುವುದರೊಳಗೆ ನನ್ನನ್ನು ಗುಂಪಿನಿಂದ ತೆಗೆದಿದ್ದರು. ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಂಡರು. ಬರೆದುಕೊಳ್ಳುತ್ತಿದ್ದವರು, "ಕುಡಿಸಿದ್ದು ಯಾರು ಮೇಡಂ, ನೀವೇನಾ?" ಎಂದು ಕೇಳಿದರು. ಹೌದು ಎಂದೆ. ಇಂದಿಗೂ ಆ ದೂರು ಅಲ್ಲೇ ನಿಂತಿದೆ.

ಕೆ.ಆರ್. ಪುರಕ್ಕೂ ಹೋದೆ. ಸಾಲು ಕೋಣೆಗಳ ವಠಾರ, ಕೊನೆಯ ಬಾಗಿಲು. ಅವಳು ನನ್ನನ್ನು ಕಂಡು ಸಂಭ್ರಮದಿಂದ ಚಾಪೆ ಹಾಸಿದಳು. ಗೋಡೆಯ ಮೇಲೆ ದೇವರ ಪಟದ ಪಕ್ಕ ಒಂದು ಹಾಳೆ ಅಂಟಿಸಿತ್ತು. ಯಾವ ಹೊತ್ತಿಗೆ ಎಷ್ಟು ಹನಿ ಎಂಬ ಪಟ್ಟಿ. ಅವಳಿಗೆ ಓದಲು ಸುಲಭವಾಗಲೆಂದು ದೊಡ್ಡ ದುಂಡಗಿನ ಅಕ್ಷರಗಳಲ್ಲಿ ನಾನೇ ಬರೆದುಕೊಟ್ಟಿದ್ದದ್ದು.

"ಅದನ್ನ ನಿಲ್ಸಮ್ಮಾ. ಇವತ್ತೇ ನಿಲ್ಸು. ನನ್ ಮಗಳು ಸಾಯೋ ಹಾಗಾಗಿದ್ಲು" ಎಂದು ಎಲ್ಲವನ್ನೂ ಹೇಳಿದೆ. ಅವಳ ಮುಖ ನಿಧಾನವಾಗಿ ಬಿಗಿಯಿತು.

"ನಿಮ್ ಮಗಳಿಗಿ ಹೊಂದಿಲ್ಲ ಅಂದ್ರ ನನ್ ಮಗಗ ಯಾಕ್ ಬಿಡಸ್ತೀರಿ? ಮನ್ನಿ 'ಯವ್ವಾ' ಅಂದಾನ್ರಿ. ಐದ್ ವರ್ಷಕ್ಕ ಮೊದಲ್ನೇ ಸಲ ಅಂದಾನ."

ಹುಡುಗ ಮೂಲೆಯಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದ. ಅವನು ಕರೆದನೋ ನರಳಿದನೋ, ನಾನು ಹೇಗೆ ಹೇಳಲಿ? ಅವಳ ಕಾಲು ಹಿಡಿಯಲು ಬಗ್ಗಿದೆ. ಅವಳು ಗಾಬರಿಯಿಂದ ಹಿಂದೆ ಸರಿದಳು. "ಹಿಂಗ್ ಮಾಡಬ್ಯಾಡ್ರಿ ಟೀಚರ್. ನೀವ ಹೇಳಿದ್ರಿ, ನೀವ ಬ್ಯಾಡ ಅಂತೀರಿ. ನಾ ಯಾವ್ದು ನಂಬ್ಲಿ?"

ಹಾಳೆಯನ್ನು ಕಿತ್ತೆ. ಅವಳು ಅದನ್ನು ಕೈಯಿಂದ ಕಸಿದುಕೊಂಡು ಬಾಗಿಲು ತೋರಿಸಿದಳು.

ಮರುದಿನ ಮಕ್ಕಳ ಸಹಾಯವಾಣಿಗೆ ಫೋನು ಮಾಡಿ ವಿಳಾಸ ಕೊಟ್ಟೆ. ಮೂರು ದಿನ ಬಿಟ್ಟು ಇಬ್ಬರು ಬಂದು ನೋಡಿದರಂತೆ. ಅಷ್ಟರಲ್ಲಿ ಕೋಣೆ ಖಾಲಿಯಾಗಿತ್ತು. ನಾನೂ ಹೋದೆ. ಬಿಹಾರದ ನಾಲ್ವರು ಪೇಂಟರುಗಳು ಅಲ್ಲಿ ಸಾಮಾನು ಇಳಿಸುತ್ತಿದ್ದರು. ಊರಿಗೆ ಹೋದರೋ, ಬೇರೆ ಕಡೆ ಕೆಲಸ ಸಿಕ್ಕಿತೋ ಮನೆ ಮಾಲೀಕರಿಗೂ ತಿಳಿಯದು. ಅವಳ ನಂಬರು ಆವತ್ತಿನಿಂದ ಸಿಗುತ್ತಿಲ್ಲ.

"ಹೋಗೋವಾಗ ಹುಡುಗ ಹೇಗಿದ್ದ?" ಎಂದು ಮಾಲೀಕರನ್ನು ಕೇಳಿದೆ.

"ಅಪ್ಪ ಎತ್ಕೊಂಡಿದ್ರು. ಮೇಲೆ ಟವೆಲ್ ಹೊದ್ಸಿತ್ತು. ಮುಖ ಕಾಣ್ಲಿಲ್ಲಮ್ಮಾ" ಎಂದರು.