ಆಟದಲ್ಲಿ ಹುಲಿಯ ಮುಂದೆ, ಮನೆಯಲ್ಲಿ ಅಪ್ಪನ ಮುಂದೆ

ಸಂಜೆ ಆರು. ಅಕ್ಕ ತೀರಿಕೊಂಡು ಇಂದಿಗೆ ಐದು ದಿನ. ಬೆಳಗಿನಿಂದ ಜನ ಬಂದು ಹೋದರು. ಪಕ್ಕದ ಮನೆಯ ಕಟ್ಟೆಯ ಮೇಲೆ ಮಕ್ಕಳು ದಾಳ ಉರುಳಿಸುತ್ತ, ಒಬ್ಬ ಕಥೆ ಹೇಳಿದಂತೆ ಉಳಿದವರು ರಾಣಿ, ಕಳ್ಳ, ಕಾವಲುಗಾರ ಆಗುತ್ತಿದ್ದರು.

ಇಂಥದೇ ಆಟವನ್ನು ನಾನೂ ಅಕ್ಕನೂ ಇಳಕಲ್ಲಿನ ಇದೇ ಮನೆಯಲ್ಲಿ, ಗಂಜಿ ವಾಸನೆಯ ಮಗ್ಗದ ಪಕ್ಕ, ಹುಣಸೆ ಬೀಜ ಚೆಲ್ಲಿ ಆಡುತ್ತಿದ್ದೆವು. ಕಥೆ ಅಕ್ಕನದು.

"ಹುಲಿ ಬಂತು. ನೀ ಏನ್ ಮಾಡ್ತಿ?"

"ಎದುರಿಗೆ ನಿಂದರ್ತೇನಿ."

"ಹಲ್ಲಿ ಕಂಡ್ರ ಓಡಾಕಿ, ಹುಲಿ ಮುಂದ ನಿಂದರ್ತಾಳಂತ!"

ಒಮ್ಮೆ ಆಟದ ಭರದಲ್ಲಿ ನಾನು ಮಗ್ಗದ ಮೇಲೆ ಬಿದ್ದು ರೇಷ್ಮೆ ಎಳೆಗಳು ಕಡಿದವು. "ಯಾರು ಮಾಡಿದ್ದು?" ಅಂದ ಅಪ್ಪ. ಅಕ್ಕ ನನ್ನ ಮುಖ ನೋಡಿದಳು. ನಾನು ಬಾಯಿ ಬಿಡಲಿಲ್ಲ. ಏಟು ಅವಳಿಗೆ ಬಿತ್ತು. ಮಗ್ಗಕ್ಕೆ ಅವಳನ್ನು ಅಪ್ಪ ಮತ್ತೆಂದೂ ಕೂರಿಸಲಿಲ್ಲ. ನೇಯುವುದೆಂದರೆ ಅವಳಿಗೆ ಜೀವ.

ಆಟದಲ್ಲಿ ದಿನಾ ಧೈರ್ಯ ತೋರಿದೆ, ಅದನ್ನು ಕಲಿಯಲಿಲ್ಲ. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಇಂದು ಬಂದವರ ಮುಂದೆ ಅಪ್ಪ ಅಂದ, "ಆಕಿ ಕೈಗೆ ಮಗ್ಗ ಹತ್ತಲಿಲ್ರಿ."

"ಎಳಿ ಕಡದಾಕಿ ನಾ, ಅಪ್ಪಾ," ಅಂದೆ.

"ಈಗ್ಯಾಕವ್ವಾ ಅದು?" ಅಂದು ಚಹಾ ಹೀರಿದ. ಬಂದವರೂ ಹೀರಿದರು. ನಾನು ನನ್ನ ಲೋಟ ಕೆಳಗಿಟ್ಟೆ.

ನನ್ನ ರಜೆ ಮುಗಿಯಿತು. ನಾಳೆ ಹುನಗುಂದದ ಕೆಲಸಕ್ಕೆ ಮರಳಬೇಕು.